ನಾನು ನುಡಿಸದ ಬೇಸ್

ಗುದೈಬಿಯಾ, ಮನಾಮಾ
೨೧ ಮಾರ್ಚ್ ೨೦೨೪, ಗುರುವಾರ

ಮುದ್ದು ಯುಮಿ,

ನಿನ್ನ ಎರಡೂ ಕೆನ್ನೆಗೆ ಅಮ್ಮನ ಮುತ್ತು. ಅಜ್ಜಿಯ ಕೈಯನ್ನು ನನ್ನ ಪರವಾಗಿ ನಿನ್ನ ಹಣೆಗೆ ಒತ್ತಿಕೋ.

ಇಷ್ಟು ದಪ್ಪದ ಕಾಗದ ನೋಡಿ ಗಾಬರಿಯಾಗಬೇಡ, ನನಗೆ ಕಾಯಿಲೆ ಕಸಾಲೆ ಏನೂ ಇಲ್ಲ. ಫೋನಿನಲ್ಲಿ ಮಾತಾಡಿದರೆ ನೀನು ಅರ್ಧಕ್ಕೇ ನನ್ನ ಮಾತು ಕತ್ತರಿಸುತ್ತೀಯ, ನಾನು ಅರ್ಧಕ್ಕೇ ಅಳುತ್ತೇನೆ. ಹೋದ ಭಾನುವಾರ ಆದದ್ದೂ ಅದೇ. ಕಾಗದದಲ್ಲಿ ಇಬ್ಬರಿಗೂ ಆ ಅನುಕೂಲ ಇಲ್ಲ. ನಮ್ಮ ಬ್ಯಾಂಡಿನ ಹಾಡುಗಾರ್ತಿ ಲೊವೆಲ್ಲಾ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಅವಳು ಬಂದಾಗ ಪ್ರಶ್ನೆ ಕೇಳಬೇಡ. ಬಿಸಿಯಾಗಿ ಏನಾದರೂ ತಿನ್ನಲು ಕೊಡು, ಮಲಗಲು ಬಿಡು.

ಈಗ ಇಲ್ಲಿ ರಂಜಾನ್ ತಿಂಗಳು. ಊರಿನ ಬ್ಯಾಂಡುಗಳಿಗೆಲ್ಲ ಬಿಡುವು. ಪ್ರತಿವರ್ಷ ಈ ತಿಂಗಳು ಬಂತೆಂದರೆ ನಾವು ಹೊಸ ಹಾಡು ಕಲಿಯುವುದು, ಬಟ್ಟೆ ಹೊಲಿಸಿಕೊಳ್ಳುವುದು, ಮನಸ್ಸು ತಣಿಯುವಷ್ಟು ನಿದ್ದೆ ಮಾಡುವುದು. ಈಸ್ಟರಿಗೆ ಮುಂಚಿನ ನಮ್ಮ ತಪಸ್ಸುಕಾಲವೂ ಇದರ ಜೊತೆಗೇ ಬಿದ್ದಿರುವುದರಿಂದ ಈ ವರ್ಷ ಮನೆಮನೆಯಲ್ಲೂ ಉಪವಾಸ. ಬೀದಿ ಎಷ್ಟು ಸುಮ್ಮನಿದೆಯೆಂದರೆ ಬೆಕ್ಕು ನಡೆದರೆ ಕೇಳುತ್ತದೆ.

ಮೇಲಿನ ವಿಳಾಸ ನೀನು ನೋಡಿಯೇ ಇರುತ್ತೀಯ. ಇದು ಹೋಟೆಲಿನವರು ಕೊಟ್ಟ ಮನೆಯಲ್ಲ, ಚರ್ಚಿನ ಗೆಳತಿ ನೆನಿತಾಳ ಮನೆ. ಇಲ್ಲಿಗೆ ಯಾಕೆ ಬಂದೆ ಎಂಬುದನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ನಿನಗೆ ಅರ್ಥವಾಗುವುದಿಲ್ಲ. ಸ್ವಲ್ಪ ಸಮಾಧಾನದಿಂದ ಓದು.

ನೀನು ಎಷ್ಟು ಸಂಭ್ರಮದಲ್ಲಿ ಫೋನ್ ಮಾಡಿದ್ದೆ! "ಅಮ್ಮಾ, ನಿನೋಂಗ್ ಎರ್ನಿಂಗ್ ಫೋನ್ ಮಾಡಿದ್ರು! ಈದ್ ಆದ್ಮೇಲೆ ನಿಮ್ಮ ಬ್ಯಾಂಡ್‌ನಲ್ಲಿ ನಾನೇ ಹಾಡೋದಂತೆ. ನಾನು ಮುಂದೆ, ನೀನು ಹಿಂದೆ!" ಎಂದೆ. ನಿನ್ನ ದೀಕ್ಷಾಸ್ನಾನದ ದಿನ ನಿನ್ನನ್ನು ಎತ್ತಿಕೊಂಡು ನಿಂತ ಧರ್ಮಪಿತ ಅವನು. ನಿನ್ನ ಅಜ್ಜನ ಜೊತೆ ನುಡಿಸಿದವನು, ಈಗ ಈ ಬ್ಯಾಂಡ್ ನಡೆಸುವವನು. ಅವನ ಮಾತನ್ನು ನೀನು ನಂಬಿದ್ದು ತಪ್ಪಲ್ಲ. ನಾನು "ಬೇಡ" ಎಂದೆ. ಯಾಕೆ ಎಂದು ಕೇಳಿದ್ದಕ್ಕೆ ಮತ್ತೆ "ಬೇಡ" ಎಂದೆ. ಆಗ ನೀನು, "ನಿನಗೆ ಹಾಡೋಕೆ ಬರಲ್ಲ, ಅದಕ್ಕೇ ನಂಗೂ ಬೇಡ ಅಂತೀಯ" ಎಂದೆ. ಅದು ತಾಗಲಿಲ್ಲ. ಆಮೇಲೆ ಹೇಳಿದ್ದು ತಾಗಿತು. "ಬರಬೇಡ ಅಂತ ಸಾವಿರ ಸಲ ಹೇಳಿದೀಯ ಅಮ್ಮಾ. ಬಾ ಅಂದಿದ್ದು ಯಾವತ್ತು?"

ಐದು ವರ್ಷದ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದವಳನ್ನು ಆ ಪ್ರಶ್ನೆ ಕೇಳುವ ಹಕ್ಕು ಮಗಳಿಗೆ ಇದೆ. ಫೋನ್ ಇಟ್ಟುಬಿಟ್ಟೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನಾನು ಕೊಲ್ಲಿಯ ಈ ಊರಿಗೆ ಬಂದದ್ದು ಬೇಸ್ ಗಿಟಾರ್ ನುಡಿಸಲು ಅಲ್ಲ. ಹಾಡಲು. ನಿನ್ನ ಅಪ್ಪ ಕವೀತೆ ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ ವರ್ಷ ಅದು. ನನ್ನ ಗಂಟಲು ಚೆನ್ನಾಗಿತ್ತು, ಸೊಂಟವೂ ಸಣ್ಣಗಿತ್ತು. ಬೇರೊಂದು ಕ್ಲಬ್ಬಿನಲ್ಲಿ ಮುಂದೆ ನಿಂತು ಹಾಡುತ್ತಿದ್ದೆ. ಹಾಡುವುದು ಅರ್ಧ ಕೆಲಸ, ಉಳಿದರ್ಧ ಹಾಡು ನಿಂತ ಮೇಲೆ. ಗಿರಾಕಿಗಳ ಮೇಜಿಗೆ ಹೋಗಿ ಕೂರಬೇಕು, ನಗಬೇಕು, ಅವರು ತರಿಸಿದ್ದನ್ನು ಕುಡಿದಂತೆ ಮಾಡಬೇಕು. ಒಪ್ಪಂದದಲ್ಲಿ ಅದನ್ನು "ಅತಿಥಿಗಳೊಡನೆ ಬೆರೆಯುವುದು" ಎಂದು ಬರೆದಿರುತ್ತಾರೆ. ಕೆಲವರು ಒಳ್ಳೆಯವರೇ. ಮನೆಯ ಫೋಟೋ ತೋರಿಸಿ ಕಣ್ಣೀರು ಹಾಕಿ ಹೋಗುತ್ತಾರೆ. ಕೆಲವರು ಹಾಗಲ್ಲ. ಹೆಚ್ಚು ಬರೆಯಲಾರೆ.

ಒಂದು ಸಲ ನಮ್ಮ ಬೇಸ್ ನುಡಿಸುವವನು ಕಾಮಾಲೆಯಾಗಿ ಆಸ್ಪತ್ರೆ ಸೇರಿದ. ಬೇರೆ ಯಾರೂ ಸಿಗಲಿಲ್ಲ. ನನಗೆ ನಿನ್ನ ಅಜ್ಜ ಕಲಿಸಿದ್ದು ಕೈಯಲ್ಲಿತ್ತು. ನಮ್ಮ ಒಲೊಂಗಾಪೊದಲ್ಲಿ ಅಮೆರಿಕದ ಹಡಗು ಬಂದು ನಿಂತಾಗಲೆಲ್ಲ ಅಜ್ಜ ಬೀದಿಯುದ್ದಕ್ಕೂ ಇದ್ದ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ. ಮನೆಯಲ್ಲಿ ನನ್ನನ್ನು ತೊಡೆಯ ಪಕ್ಕ ಕೂರಿಸಿಕೊಂಡು, "ಡ್ರಮ್ಮಿನವನ ಕಾಲು ನೆಲಕ್ಕೆ ಬಿದ್ದ ಮೇಲೆ ನೀನು ಬಾ. ಅವನಿಗಿಂತ ಮುಂದೆ ಹೋಗ್ಬೇಡ, ಹಾಗಂತ ಮಲಗ್ಲೂ ಬೇಡ" ಎನ್ನುತ್ತಿದ್ದ. ಆ ದಿನ ನಾನು ಆ ಭಾರದ ಬೇಸನ್ನು ಹೆಗಲಿಗೆ ಹಾಕಿಕೊಂಡು ಡ್ರಮ್ಮಿನ ಪಕ್ಕ, ಸ್ಪೀಕರಿನ ನೆರಳಲ್ಲಿ ನಿಂತೆ. ಹಾಡು ಮುಗಿದು ಬಿಡುವು ಬಂತು. ಮ್ಯಾನೇಜರ್ ಮೇಜುಗಳ ಕಡೆ ಕೈ ತೋರಿಸಿ ಹುಡುಗಿಯರನ್ನು ಕರೆದ. ನನ್ನನ್ನು ಕರೆಯಲಿಲ್ಲ. ಬೇಸ್ ನುಡಿಸುವವರನ್ನು ಯಾರೂ ಮೇಜಿಗೆ ಕರೆಯುವುದಿಲ್ಲ, ಯುಮಿ. ನಮ್ಮ ಮುಖವೇ ಯಾರಿಗೂ ನೆನಪಿರುವುದಿಲ್ಲ.

ಅಂದಿನಿಂದ ಮೈಕಿನ ಮುಂದೆ ನಿಂತವಳಲ್ಲ. ಮೊದಲು ಬಚಾವಾಗಲು ಹಿಡಿದೆ. ಆಮೇಲೆ ಅದು ನನ್ನದೇ ಆಯಿತು. ಬೇರೆಯವರು ವಾರಕ್ಕೊಮ್ಮೆ ಹೊಸ ಪೆಡಲು, ಹೊಸ ಪೆಟ್ಟಿಗೆ ಎಂದು ಬದಲಾಯಿಸುತ್ತಾರೆ. ನನಗೆ ಬೇಕಾದ ನಾದ ಒಂದೇ. ಚಪ್ಪಟೆ ಸುತ್ತಿನ ತಂತಿ, ಅದನ್ನು ಹೊರುವ ಸೇತುವೆಯ ಕೆಳಗೆ ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುಂಡು, ಟೋನಿನ ತಿರುಗಣೆ ಅರ್ಧಕ್ಕಿಂತ ಕೆಳಗೆ. ಬೆರಳಿಟ್ಟರೆ 'ದುಮ್' ಎಂದು ಬಂದು, ಬಂದ ಹಾಗೇ ಹೋಗಬೇಕು. ಕೇಳುವವನ ಕಿವಿಗೆ ಗೊತ್ತಾಗಬಾರದು, ಮೊಣಕಾಲಿಗೆ ಗೊತ್ತಾಗಬೇಕು. ಹೊರಗಿನ ಸೆಕೆ, ಒಳಗಿನ ಏಸಿ, ಇವೆರಡರ ನಡುವೆ ಬೇಸಿನ ಕತ್ತು ಬಾಗುತ್ತಲೇ ಇರುತ್ತದೆ. ವಾರವಾರ ಕೂತು ನೆಟ್ಟಗೆ ಮಾಡುತ್ತಿದ್ದೆ. ಬೆವರಿಗೆ ಸತ್ತ ತಂತಿಗಳನ್ನು ಅನ್ನದ ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಸ್ವಲ್ಪ ದಿನ ಜೀವ ಬರುತ್ತದೆ. ರಜೆಗೆ ಬಂದಾಗ ಒಮ್ಮೆ ಹಾಗೆ ಕುದಿಸುತ್ತಿದ್ದೆ. ನೀನು ಶ್ಯಾವಿಗೆ ಎಂದುಕೊಂಡು ತಟ್ಟೆ ಹಿಡಿದು ಬಂದಿದ್ದೆ, ನೆನಪಿದೆಯಾ?

ಈಗ ಈ ವರ್ಷದ ಮಾತಿಗೆ ಬರುತ್ತೇನೆ.

ಎರ್ನಿಂಗ್ ಅಣ್ಣ ಲ್ಯಾಪ್‌ಟಾಪ್ ತಂದದ್ದು ನಿನಗೆ ಹೇಳಿದ್ದೆ. ಮೊದಲು ಅದರಲ್ಲಿ ಪಿಟೀಲು, ತುತ್ತೂರಿ ಬರುತ್ತಿತ್ತು. ನಮ್ಮಲ್ಲಿ ಅವನ್ನು ನುಡಿಸುವವರಿರಲಿಲ್ಲ, ಇರಲಿ ಎಂದುಕೊಂಡೆವು. ಆಮೇಲೆ ವೇದಿಕೆಯ ಮೇಲೆ ಸದ್ದು ಜಾಸ್ತಿಯಾಗುತ್ತದೆಂದು ನನ್ನ ಸ್ಪೀಕರ್ ಪೆಟ್ಟಿಗೆಯನ್ನು ಎತ್ತಿ ಉಗ್ರಾಣಕ್ಕೆ ಹಾಕಿದರು. ಎಲ್ಲರ ಕಿವಿಗೂ ಇಯರ್‌ಫೋನ್ ಬಂತು. ನಾವು ನುಡಿಸಿದ್ದು ನೇರ ಸದ್ದು ಬೆರೆಸುವ ಬೋರ್ಡಿಗೆ ಹೋಗುತ್ತದೆ, ಅಲ್ಲಿಂದ ಹಾಲಿನ ಸ್ಪೀಕರುಗಳಿಗೆ. ನನ್ನ ಕಿವಿಯಲ್ಲಿ ನನ್ನ ಬೇಸ್ ಸೊಗಸಾಗಿ ಕೇಳುತ್ತಿತ್ತು. ಹಿಂದೆಂದೂ ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

ಹೊಸ ವರ್ಷ ಕಳೆದ ಮೇಲೆ ಒಂದು ಶುಕ್ರವಾರ. ಬೆಳಗಿನದೂ ಅಲ್ಲದ ಮಧ್ಯಾಹ್ನದ್ದೂ ಅಲ್ಲದ ಆ ದೊಡ್ಡ ಊಟಕ್ಕೆ ಸಂಸಾರವಂದಿಗರೂ ಬರುತ್ತಾರೆ. ಒಂದು ಪುಟ್ಟ ಮಗು ಬಲೂನಿನ ಹಿಂದೆ ಓಡುತ್ತ ವೇದಿಕೆ ಹತ್ತಿ, ನನ್ನ ಕೇಬಲಿಗೆ ಕಾಲು ತೊಡರಿಸಿಕೊಂಡು ಬಿತ್ತು. ಕೇಬಲ್ ಬೇಸಿನಿಂದ ಕಿತ್ತು ಬಂತು. ಮಗುವನ್ನು ಎತ್ತಲು ಬಗ್ಗಿದಾಗ ನನ್ನ ಇಯರ್‌ಫೋನೂ ಜಾರಿತು.

ಕಿತ್ತ ಕೇಬಲ್ ನನ್ನ ಕೈಯಲ್ಲಿದೆ. ಹಾಲಿನಲ್ಲಿ ಬೇಸ್ ನಡೆಯುತ್ತಿದೆ.

ಒಂದು ಸ್ವರ ತಪ್ಪಿಲ್ಲ. ಜನ ಕುಣಿಯುತ್ತಿದ್ದಾರೆ. ಡ್ರಮ್ಮಿನ ಡೊಡಾಂಗ್ ನನ್ನನ್ನು ನೋಡಿದವನು ತಟ್ಟನೆ ಮುಖ ತಿರುಗಿಸಿಕೊಂಡ. ಆಗ ತಿಳಿಯಿತು, ನನಗೊಬ್ಬಳಿಗೇ ತಿಳಿದಿರಲಿಲ್ಲವೆಂದು.

ಕ್ರಿಸ್ಮಸ್ಸಿನಲ್ಲಿ ನಾನು ಕಳಿಸಿದ ವಿಡಿಯೊ ನೋಡಿ ನೀನು, "ಅಮ್ಮಾ ನಿನ್ನ ಟೋನ್ ಈಗ ಎಷ್ಟು ನೀಟಾಗಿದೆ, ಹೊಸ ತಂತಿ ಹಾಕಿದ್ಯಾ?" ಎಂದು ಬರೆದಿದ್ದೆ. ಅದನ್ನು ಎಷ್ಟು ಸಲ ತೆಗೆದು ಓದಿಕೊಂಡಿದ್ದೆನೋ. ಆ ಟೋನ್ ನನ್ನದಲ್ಲ, ಯುಮಿ. ಮೂಲ ಹಾಡಿನಿಂದ ಬೇಸನ್ನು ಮಾತ್ರ ಬಿಡಿಸಿ ಕೊಡುವ ತಂತ್ರಾಂಶ ಬಂದಿದೆಯಂತೆ, ಅದರದು.

ಊಟದ ಹೊತ್ತಿಗೆ ಸಿಬ್ಬಂದಿಯ ಕ್ಯಾಂಟೀನಿನಲ್ಲಿ ಎರ್ನಿಂಗ್ ಅಣ್ಣನ ಎದುರು ತಟ್ಟೆ ಇಟ್ಟು ಕೂತೆ.

"ಯಾವಾಗಿಂದ ಅಣ್ಣಾ?"

"ಮೊದ್ಲು ಊಟ ಮಾಡು." ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ.

"ಯಾವಾಗಿಂದ ಅಂತ ಕೇಳ್ದೆ."

"ಕ್ರಿಸ್ಮಸ್‌ಗೂ ಮುಂಚಿಂದ." ತಲೆ ಎತ್ತಲಿಲ್ಲ. "ಬೇಸ್ ತೆಗೆದುಹಾಕು, ಆ ಜಾಗಕ್ಕೆ ಇನ್ನೊಂದು ಹುಡುಗಿ ತಾ ಅಂದ ಮ್ಯಾನೇಜರ್. ಹೆಂಗಸು ಬೇಸ್ ಹಿಡ್ಕೊಂಡು ನಿಂತ್ರೆ ಫೋಟೋಗೆ ಚೆಂದ, ಇರ್ಲಿ ಅಂತ ನಾನೇ ಹೇಳಿ ಒಪ್ಪಿಸಿದೀನಿ. ಬೋರ್ಡಲ್ಲಿ ನಿನ್ನ ಸದ್ದು ಮುಚ್ಚಿದೀನಿ, ಅಷ್ಟೆ. ನಿನ್ನ ಕೆಲಸ ಉಳೀಲಿ ಅಂತ ಪೆರ್ಲಾ."

"ಮತ್ತೆ ನನ್ನ ಕಿವಿಗೆ ಮಾತ್ರ ಯಾಕೆ ಬಿಟ್ಟಿದ್ದೆ?"

"ನೀನು ಖುಷಿಯಾಗಿರ್ಲಿ ಅಂತ."

ಅವನು ಕೆಟ್ಟವನಲ್ಲ. ಅರವತ್ತು ದಾಟಿದೆ, ಮೊಣಕಾಲು ನೋವು, ಈ ಬ್ಯಾಂಡು ಹೋದರೆ ಅವನನ್ನು ಇನ್ಯಾರೂ ಇಟ್ಟುಕೊಳ್ಳುವುದಿಲ್ಲ. ಆದರೂ ಆ ಮಾತಿಗೆ ತಟ್ಟೆ ಎತ್ತಿ ಅವನ ತಲೆಯ ಮೇಲೆ ಕವುಚಬೇಕೆನಿಸಿತು. ಕವುಚಲಿಲ್ಲ. ಮಾರನೆಯ ದಿನ ಹೋಗಿ ನಿಂತೆ. ನಿನ್ನ ಕಾಲೇಜು ಇತ್ತಲ್ಲ.

ಆ ವಾರಗಳು ಹೇಗಿದ್ದವು ಎಂದು ನಿನಗೆ ಹೇಗೆ ಹೇಳಲಿ? ಇಯರ್‌ಫೋನ್ ಹಾಕಿಕೊಳ್ಳುವುದನ್ನೇ ಬಿಟ್ಟೆ. ಶ್ರುತಿ ಮಾಡುವುದನ್ನೂ ಬಿಟ್ಟೆ. ಒಂದು ದಿನ ಜನ ಕುಣಿದು ಕುಪ್ಪಳಿಸುವ ಹಾಡಿನ ನಡುವೆ ನಾನು ಉದ್ದಕ್ಕೂ ಶುಭ ಶುಕ್ರವಾರದ ಚರ್ಚಿನ ಕೀರ್ತನೆ ನುಡಿಸಿದೆ. ಯಾರಿಗೆ ಗೊತ್ತಾಗಬೇಕು? ಡೊಡಾಂಗ್ ಒಬ್ಬ ನನ್ನ ಬೆರಳು ನೋಡಿ ಕಂಡುಹಿಡಿದು, "ಅಕ್ಕಾ, ಇವತ್ತು ಯಾರ ಶವಸಂಸ್ಕಾರ?" ಎಂದ. ನಕ್ಕೆವು. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬೇಸ್ ನುಡಿಸುವವರ ಕಣ್ಣು ಯಾವಾಗಲೂ ಡ್ರಮ್ಮಿನವನ ಕಾಲಿನ ಮೇಲೆ. ಅಷ್ಟು ವರ್ಷ ನಾನು ಹಾಲ್ ನೋಡಿದ್ದೇ ಕಡಿಮೆ. ಈಗ ಕೈಗೆ ಕೆಲಸವಿರಲಿಲ್ಲ, ಕಣ್ಣಿಗೆ ಬಿಡುವಿತ್ತು. ಆಗ ಲೊವೆಲ್ಲಾ ಕಣ್ಣಿಗೆ ಬಿದ್ದಳು.

ಅವಳಿಗೆ ನಿನಗಿಂತ ಸ್ವಲ್ಪವೇ ವಯಸ್ಸು ಹೆಚ್ಚು. ಬಂದು ಒಂದು ವರ್ಷವಾಗಿರಬೇಕು. ಕಂಬದ ಪಕ್ಕದ ಮೇಜಿಗೆ ಒಬ್ಬ ಪ್ರತಿ ಶುಕ್ರವಾರ ಬರುತ್ತಿದ್ದ. ಮ್ಯಾನೇಜರ್ ಅವನಿಗೆ ಬಗ್ಗಿ ನಮಸ್ಕರಿಸುತ್ತಿದ್ದ. ಬಿಡುವು ಬರುವ ಮೊದಲೇ ಲೊವೆಲ್ಲಾಳಿಗೆ ಸನ್ನೆ. ಅವಳು ಕೂತರೆ ಅವನ ಕೈ ಅವಳ ಮಣಿಕಟ್ಟಿನ ಮೇಲೆ ಕೂರುತ್ತಿತ್ತು. ಹಿಡಿದ ಹಾಗೂ ಕಾಣುವುದಿಲ್ಲ, ಬಿಟ್ಟ ಹಾಗೂ ಕಾಣುವುದಿಲ್ಲ. ವೇದಿಕೆಗೆ ಮರಳಿದಾಗ ಅವಳು ಮೈಕನ್ನು ಎಡಗೈಗೆ ಬದಲಾಯಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳಿಗೆ ಹೇಳಿದೆ. "ಹೋಗಲ್ಲ ಅನ್ನು. ಗಂಟಲು ಸರಿಯಿಲ್ಲ ಅನ್ನು."

"ಹೇಳ್ದೆ ಪೆರ್ಲಾ ಅಕ್ಕ," ಎಂದಳು. ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಸುಲಿದದ್ದನ್ನೇ ಮತ್ತೆ ಸುಲಿಯುತ್ತಿದ್ದಳು. "ಅದಕ್ಕೆ ಅವನ ಜೊತೆ ಹೊರಗೆ ಊಟಕ್ಕೆ ಹೋಗು ಅಂತಾರೆ. ಅಲ್ಲಿ ಹಾಡೋ ಹಾಗಿಲ್ವಂತೆ, ಗಂಟಲಿಗೆ ಆರಾಮಂತೆ. ಹೋಗ್ದಿದ್ರೆ ವೀಸಾ ರದ್ದಂತೆ."

"ಎರ್ನಿಂಗ್ ಅಣ್ಣಂಗೆ ಹೇಳಿದ್ಯಾ?"

"ಅವರು ಪ್ರಾರ್ಥನೆ ಮಾಡು ಅಂದ್ರು."

ರಂಜಾನಿಗೆ ಮುಂಚಿನ ಕೊನೆಯ ಶುಕ್ರವಾರ ಬಂತು. ಹಾಲ್ ತುಂಬಿತ್ತು. ಎರ್ನಿಂಗ್ ಅಣ್ಣ ಒಬ್ಬನೇ ಹಾಡುವ ಹಾಡು ನಡೆಯುತ್ತಿತ್ತು, ಲೊವೆಲ್ಲಾಳನ್ನು ಕೆಳಗೆ ಕರೆಸಿದ್ದರು. ನೋಡುತ್ತಿದ್ದೆ. ಕಂಬದ ಪಕ್ಕದವನು ಎದ್ದು ನಿಂತ. ಮಣಿಕಟ್ಟು ಬಿಡಲಿಲ್ಲ. ಅವಳೂ ಏಳಲೇಬೇಕಾಯಿತು. ಮ್ಯಾನೇಜರ್ ಹೋಗಿ ಬಾಗಿಲು ತೆರೆದು ಹಿಡಿದ. ಲೊವೆಲ್ಲಾ ವೇದಿಕೆಯ ಕಡೆ ತಿರುಗಿದಳು. ಯಾರನ್ನು ನೋಡಿದಳೋ ಗೊತ್ತಿಲ್ಲ. ನನ್ನನ್ನೇ ಇರಬೇಕು ಎಂದುಕೊಂಡೆ.

ನಾನು ಧೈರ್ಯವಂತೆಯಲ್ಲ. ಯೋಚಿಸಿದ್ದರೆ ಖಂಡಿತ ಹೋಗುತ್ತಿರಲಿಲ್ಲ. ಕೇಬಲ್ ಕಿತ್ತೆ, ಮೆಟ್ಟಿಲಿಳಿದೆ, ಬೇಸ್ ಹೆಗಲಲ್ಲೇ ಇತ್ತು. ಕುಣಿಯುವವರ ನಡುವೆ ನುಗ್ಗಿ ಬಾಗಿಲಿನ ಹತ್ತಿರ ಹೋಗಿ ನಿಂತು, "ಲೊವೆಲ್ಲಾ, ಮುಂದಿನ ಹಾಡು ನಿಂದು. ಬಾ" ಎಂದೆ. ಅಷ್ಟೇ. ಬೇರೆ ಮಾತು ಹೊಳೆಯಲಿಲ್ಲ.

"ಏನಿದು? ಹೋಗು, ವೇದಿಕೆ ಹತ್ತು. ಹಾಡು ನಡೀತಿದೆ," ಎಂದ ಮ್ಯಾನೇಜರ್.

ಹಾಡು ನಡೆಯುತ್ತಲೇ ಇತ್ತು. ಬೇಸೂ ನಡೆಯುತ್ತಲೇ ಇತ್ತು. ಕುಣಿಯುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಹತ್ತಿರದ ಮೇಜಿನಲ್ಲಿದ್ದ ಒಬ್ಬ ಹುಡುಗಿ ಕುರ್ಚಿಯ ಮೇಲೆ ಹತ್ತಿ ಕೂಗಿದಳು. "ಅಮ್ಮಾ ನೋಡು, ಆ ಆಂಟಿ ನುಡಿಸ್ತಾನೇ ಇಲ್ಲ! ಸದ್ದು ಬರ್ತಾ ಇದೆ!"

ಮೊದಲು ಒಬ್ಬ ನಕ್ಕ. ಆಮೇಲೆ ಇಡೀ ಹಾಲ್. ನಾನು ಎರಡೂ ಕೈ ಕೆಳಗೆ ಬಿಟ್ಟು, ಎದೆಯ ಮೇಲೆ ಬೇಸ್ ತೂಗುಹಾಕಿಕೊಂಡು ನಿಂತಿದ್ದೇನೆ. ನನ್ನ ಬೇಸ್ ಸ್ಪೀಕರಿನಲ್ಲಿ ಏರುತ್ತಿದೆ, ಇಳಿಯುತ್ತಿದೆ, ಅಲಂಕಾರ ಮಾಡುತ್ತಿದೆ. ಎಲ್ಲರ ಕೈಯಲ್ಲೂ ಫೋನ್ ಬಂತು. ಯುಮಿ, ಇಷ್ಟು ವರ್ಷದಲ್ಲಿ ಹಾಲಿನ ಎಲ್ಲ ಕಣ್ಣುಗಳೂ ನನ್ನ ಮೇಲಿದ್ದದ್ದು ಅದೊಂದೇ ಸಲ. ಆ ಕ್ಷಣ ನೆಲ ಬಾಯಿ ಬಿಟ್ಟಿದ್ದರೆ ಖುಷಿಯಾಗಿ ಇಳಿದುಬಿಡುತ್ತಿದ್ದೆ.

ಆದರೆ ಆ ಫೋನುಗಳು ನನ್ನ ಕಡೆ ತಿರುಗಿದಾಗ ನನ್ನ ಪಕ್ಕದಲ್ಲಿದ್ದವನ ಕಡೆಯೂ ತಿರುಗಿದ್ದವು. ಅವನು ಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡ. ಮುಖ ಮುಚ್ಚಿಕೊಳ್ಳಲು ಅವನಿಗೆ ಎರಡೂ ಕೈ ಬೇಕಾಯಿತು. ಲೊವೆಲ್ಲಾಳ ಮಣಿಕಟ್ಟು ಬಿಟ್ಟ. ನಾನು ಹಿಡಿದುಕೊಂಡೆ. ತೆರೆದಿದ್ದ ಬಾಗಿಲಲ್ಲೇ ನಾವಿಬ್ಬರೂ ಹೊರಗೆ ನಡೆದೆವು. ಮಿಣಮಿಣ ಅಂಗಿ, ಎತ್ತರದ ಚಪ್ಪಲಿ, ಬೆನ್ನಿಗೆ ಬೇಸ್. ಉರಿಬಿಸಿಲು. ಟ್ಯಾಕ್ಸಿಯವನು ನಮ್ಮನ್ನು ನೋಡಿ, "ಮದುವೆಗಾ?" ಎಂದು ಕೇಳಿದ. ಲೊವೆಲ್ಲಾ ಆಗ ನಗಲು ಶುರುಮಾಡಿದವಳು ನೆನಿತಾಳ ಮನೆ ಬರುವವರೆಗೂ ನಿಲ್ಲಿಸಲಿಲ್ಲ, ಅದು ನಗುವಾಗಿ ಉಳಿಯಲೂ ಇಲ್ಲ.

ಸಂಜೆಗೇ ನನ್ನ ಕೆಲಸ ಹೋಯಿತು. ಹೋಟೆಲಿನ ಮರ್ಯಾದೆ ಕಳೆದೆನಂತೆ. ನಮ್ಮ ರಾಯಭಾರ ಕಚೇರಿಯವರು ಓಡಾಡಿ ಇಬ್ಬರ ಪಾಸ್‌ಪೋರ್ಟೂ ಬಿಡಿಸಿಕೊಟ್ಟರು. ಆ ವಿಡಿಯೊ ಇಲ್ಲಿನ ನಮ್ಮವರೆಲ್ಲರ ಫೋನಿನಲ್ಲೂ ತಿರುಗಿತು. ಚರ್ಚಿನಲ್ಲಿ ಒಬ್ಬಳು ನನ್ನನ್ನು ನೋಡಿ, "ಗಾಳಿಯಲ್ಲಿ ಬೇಸ್ ನುಡಿಸೋ ಅಕ್ಕ ನೀವೇ ಅಲ್ವಾ?" ಎಂದಳು. ಅದು ನಿನಗೆ ತಲುಪಿಲ್ಲ ಎಂದುಕೊಂಡಿದ್ದೇನೆ. ತಲುಪಿದ್ದು, ನನ್ನ ಮನಸ್ಸು ನೋಯಬಾರದೆಂದು ನೀನು ಸುಮ್ಮನಿದ್ದರೆ, ಅದಕ್ಕೂ ಒಂದು ಮುತ್ತು.

ನೀನು ಫೋನ್ ಮಾಡಿದ ಮೇಲೆ ನಾನು ಎರ್ನಿಂಗ್ ಅಣ್ಣನಿಗೆ ಫೋನ್ ಮಾಡಿದೆ. "ನನ್ನ ಮಗಳನ್ನ ಯಾಕೆ ಕರೆದೆ?" ಎಂದು ಕೇಳಿದೆ.

"ಹುಡುಗಿ ಬೇಕೇ ಬೇಕು ಅಂತಾರೆ ಪೆರ್ಲಾ. ಇಲ್ದಿದ್ರೆ ಬ್ಯಾಂಡೇ ಬೇಡ ಅಂತಾರೆ. ಯಾರೋ ಹೊರಗಿನವಳಾದ್ರೆ ಯಾರು ನೋಡ್ಕೋತಾರೆ? ಯುಮಿ ಆದ್ರೆ ನಾನಿದೀನಲ್ಲ."

"ಲೊವೆಲ್ಲಾನೂ ನಿನ್ನನ್ನ ಅಣ್ಣ ಅಂತಾನೇ ಕರೀತಿದ್ಳು."

"ನಾನು ಮುದುಕ ಕಣೇ," ಎಂದ. ಫೋನ್ ಇಟ್ಟ. ನೀನು ಮುಂದೆ, ನಾನು ಹಿಂದೆ ಎಂದು ಅವನು ನಿನಗೆ ಹೇಳಿದಾಗ ನಾನು ಆ ಬ್ಯಾಂಡಿನಲ್ಲೇ ಇರಲಿಲ್ಲ. ನೀನು ಬಂದಿದ್ದರೆ ನಿನ್ನ ಹಿಂದೆ ಡೊಡಾಂಗ್ ಇರುತ್ತಿದ್ದ, ಲ್ಯಾಪ್‌ಟಾಪ್ ಇರುತ್ತಿತ್ತು.

ನನಗೆ ಹೊಟ್ಟೆಕಿಚ್ಚು ಎಂದೆಯಲ್ಲ. ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಹೋದ ಮೇ ತಿಂಗಳ ಹಬ್ಬದಲ್ಲಿ ನೀನು ಹಾಡಿದ್ದನ್ನು ಅಜ್ಜಿ ಕಳಿಸಿದ್ದಳು. ಮೇಲಿನ ಸ್ವರಕ್ಕೆ ಹೋಗುವಾಗ ನೀನು ಕಣ್ಣು ಮುಚ್ಚುವುದಿಲ್ಲ, ಅಗಲವಾಗಿ ತೆರೆಯುತ್ತೀಯ. ನನಗೆ ಅದು ಎಂದೂ ಬರಲಿಲ್ಲ. ಹಾಡಬೇಡ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹಾಡು. ಹೊರದೇಶಕ್ಕೂ ಹೋಗು, ಇಲ್ಲಿಗೇ ಬೇಕಾದರೂ ಬಾ. ಒಳ್ಳೆಯ ಜಾಗಗಳೂ ಇವೆ, ಹಾಡಿ ಇಳಿದರೆ ಕೆಲಸ ಮುಗಿಯಿತು ಎನ್ನುವ ಜಾಗಗಳು. ಆದರೆ ಸಹಿ ಹಾಕುವ ಮೊದಲು ಅವರನ್ನು ಕೇಳು, ಹಾಡು ಮುಗಿದ ಮೇಲೆ ನಾನು ಎಲ್ಲಿ ಕೂರಬೇಕು ಎಂದು. ಉತ್ತರ ಹೇಳುವಾಗ ಅವರ ಮುಖ ನೋಡು. ಎರ್ನಿಂಗ್ ಅಣ್ಣ ಹೇಳಿದ ಜಾಗಕ್ಕೆ ಮಾತ್ರ ಬೇಡ, ಯುಮಿ. ಇಷ್ಟು ದೊಡ್ಡ ಕಾಗದದಲ್ಲಿ ನಾನು ಕೇಳುತ್ತಿರುವುದು ಅದೊಂದೇ.

ನನ್ನ ಚಿಂತೆ ಮಾಡಬೇಡ. ಮಸ್ಕತ್‌ನಲ್ಲಿ ಒಂದು ಬ್ಯಾಂಡಿನವರು ಕರೆದಿದ್ದಾರೆ. ಮೂರೇ ಜನ, ಲ್ಯಾಪ್‌ಟಾಪ್ ಇಲ್ಲ, ಸಂಸಾರಸ್ಥರು ಬರುವ ಹೋಟೆಲು. ಈದ್ ಹಬ್ಬ ಕಳೆದ ಕೂಡಲೇ ಹೊರಡುತ್ತೇನೆ. ನಿನ್ನ ಕಾಲೇಜಿಗೆ ತೊಂದರೆಯಾಗುವುದಿಲ್ಲ. ಮುಂದಿನ ವರ್ಷ ರಜೆ ಸಿಕ್ಕರೆ ಖಂಡಿತ ಬರುತ್ತೇನೆ.

ಭಾನುವಾರ ಗರಿಗಳ ಹಬ್ಬ. ಅಜ್ಜಿಯನ್ನು ಕೈ ಹಿಡಿದು ಚರ್ಚಿಗೆ ಕರೆದುಕೊಂಡು ಹೋಗು, ಮೆಟ್ಟಿಲು ಜಾರುತ್ತದೆ. ರಾತ್ರಿ ತಣ್ಣೀರು ಸ್ನಾನ ಮಾಡಿ ಮಲಗಬೇಡ, ಗಂಟಲು ಕೆಡುತ್ತದೆ.

ಸದಾ ನಿನ್ನವಳಾದ
ಅಮ್ಮ
ಪೆರ್ಲಾ

ಮತ್ತೆ ಬರೆದದ್ದು: ಮನಿಲಾ, ೨ ಏಪ್ರಿಲ್, ಮಂಗಳವಾರ.

ಮಸ್ಕತ್‌ನಿಂದ ಯಾರೂ ಕರೆದಿರಲಿಲ್ಲ. ನೀನು ನನ್ನನ್ನು ಕೆಲಸವಿಲ್ಲದವಳು ಎಂದುಕೊಳ್ಳಬಾರದೆಂದು ಬರೆದೆ. ಲೊವೆಲ್ಲಾಳ ಜೊತೆ ನಾನೂ ಅದೇ ವಿಮಾನದಲ್ಲಿ ಬಂದುಬಿಟ್ಟೆ. ನಿನ್ನೆ ಸಂಜೆ ಮನೆ ತಲುಪಿ ನಿನ್ನ ಹೆಸರು ಹಿಡಿದು ಕೂಗಿದರೆ ಅಜ್ಜಿ ಬಂದಳು. ನೀನು ಎರ್ನಿಂಗ್ ಅಣ್ಣ ಹೇಳಿದ ಏಜೆನ್ಸಿಯವರಿಗೆ ಸಹಿ ಹಾಕಿಕೊಡಲು ಮನಿಲಾಕ್ಕೆ ಹೋಗಿದ್ದೀಯ ಎಂದಳು. ಬೆಳಗಿನ ಮೊದಲ ಬಸ್ಸಿಗೆ ಹೊರಟೆ.

ಏಜೆನ್ಸಿಯ ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಕರೆ ಬಂದವರನ್ನು ಮಾತ್ರ ಒಳಗೆ ಬಿಡುತ್ತಾರಂತೆ. ಗಾಜಿನಾಚೆ ಕಾಯುತ್ತಿರುವ ಹುಡುಗಿಯರ ನಡುವೆ ನೀನು ಕಾಣುತ್ತಿದ್ದೀಯ. ಕೂದಲು ಕತ್ತರಿಸಿಕೊಂಡಿದ್ದೀಯ, ನನಗೆ ಯಾರೂ ಹೇಳಿರಲಿಲ್ಲ. ಗಾಜು ಬಡಿದು ಕೂಗಿದರೆ ಅಷ್ಟು ಜನರ ಮುಂದೆ ನಿನಗೆ ನಾಚಿಕೆಯಾಗುತ್ತದೆ. ಕಾವಲುಗಾರ ಒಲೊಂಗಾಪೊ ಕಡೆಯವನೇ, ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾನೆ. ನಿನ್ನ ಸರದಿ ಬರುವ ಮೊದಲು ಓದಿ ಮುಗಿಸು. ಓದಿದ ಮೇಲೂ ಸಹಿ ಹಾಕಬೇಕೆನಿಸಿದರೆ ಹಾಕು, ನಾನು ಬೈಯುವುದಿಲ್ಲ. ಹಾಕಿದರೂ ಹಾಕದಿದ್ದರೂ ಹೊರಗೆ ಬಾ, ಇಬ್ಬರೂ ಎಲ್ಲಾದರೂ ಕೂತು ಊಟ ಮಾಡೋಣ.

ಬಾಗಿಲಿನ ಎಡಕ್ಕೆ, ಬೆಂಚಿನ ಮೇಲೆ, ನೀಲಿ ಅಂಗಿಯವಳು ನಾನು. ಗುರುತು ಸಿಗದಿದ್ದರೆ ಎಂದು ಬರೆದೆ.